ಚೇತನಕ್ಕೇನಾಗಿದೆ?

ನನ್ನ ಗೆಳೆಯನಿಗೆ ಮೂರನೇ ವಯಸ್ಸಿನಲ್ಲಿ ಪೋಲಿಯೋ ಬಂದು ಬಲಗಾಲು ಸೊರಗಿದೆ. ಒಮ್ಮೆ ಅರ್ಜಿ ತುಂಬುವಾಗ ‘ವಿಕಲಚೇತನರೇ? ಹೌದು/ಇಲ್ಲ’ ಎಂಬ ಸಾಲಿಗೆ ಬಂದು ಅವನ ಪೆನ್ನು ನಿಂತಿತು. “ನನ್ನ ಕಾಲಿಗೇನಾಗಿದೆ ಗೊತ್ತು. ಚೇತನಕ್ಕೇನಾಗಿದೆ?” ಎಂದ. ನನ್ನ ಬಳಿ ಉತ್ತರವಿರಲಿಲ್ಲ.

ಪದವನ್ನು ಬಿಡಿಸಿ ನೋಡಿ. ‘ಅಂಗವಿಕಲ’ ಎಂದರೆ ಊನ ಇರುವುದು ಅಂಗಕ್ಕೆ. ‘ವಿಕಲಚೇತನ’ ಎಂದೊಡನೆ ಅದು ಚೇತನಕ್ಕೇ ತಗಲಿಕೊಳ್ಳುತ್ತದೆ. ಗೌರವ ಕೊಡಲೆಂದು ತಂದ ಪದ ಹಳೆಯದಕ್ಕಿಂತ ದೊಡ್ಡ ಕುಂದನ್ನು ಹೊರಿಸಿತು. ಇಂದು ಅದು ರಾಜ್ಯದ ಇಲಾಖೆಯ ಹೆಸರಿನಲ್ಲೇ ಕೂತಿದೆ, ದಿನಪತ್ರಿಕೆಗಳಲ್ಲಿ ಯಾವ ಅಳುಕೂ ಇಲ್ಲದೆ ಓಡಾಡುತ್ತಿದೆ. ಇದು ಹಿತವೆನಿಸದವರು ‘ವಿಶೇಷಚೇತನ’ ಎನ್ನುತ್ತಾರೆ. ಅಲ್ಲೂ ಮಾತು ಚೇತನದ್ದೇ, ಕಾಲಿನದ್ದಲ್ಲ.

2015ರ ಡಿಸೆಂಬರ್‌ನಲ್ಲಿ ಪ್ರಧಾನಿ ನರೇಂದ್ರ ಮೋದಿ ‘ಮನ್ ಕಿ ಬಾತ್’ನಲ್ಲಿ ‘ದಿವ್ಯಾಂಗ’ ಎಂಬ ಪದ ಸೂಚಿಸಿದರು. ಹಕ್ಕಿಗಾಗಿ ಹೋರಾಡುವ ಹಲವು ಸಂಘಟನೆಗಳು ಆಗಲೇ ವಿರೋಧಿಸಿದವು. ನಾನು ಅವರ ಪರ. ನಡೆಯಲಾಗದ ಕಾಲನ್ನು ದಿವ್ಯವೆಂದು ಕೈಮುಗಿದರೆ, ಆ ಕಾಲಿಗೆ ಬೇಕಾದ ರ‍್ಯಾಂಪ್‌ನ ಮಾತು ಹಿಂದೆ ಸರಿಯುತ್ತದೆ.

ಇದಕ್ಕಿಂತ ವೈಕಲ್ಯವುಳ್ಳವರ ಹಕ್ಕುಗಳ 2016ರ ಕಾಯ್ದೆಯ ಭಾಷೆ ಎಷ್ಟೋ ಮೇಲು. 1995ರ ಕಾಯ್ದೆಯಲ್ಲಿ 7 ಇದ್ದ ವೈಕಲ್ಯಗಳ ಪಟ್ಟಿ 21ಕ್ಕೆ ಏರಿತು, ಸರ್ಕಾರಿ ನೌಕರಿಯ ಮೀಸಲಾತಿ ಶೇ 3ರಿಂದ 4ಕ್ಕೆ ಹೋಯಿತು. ನನಗೆ ಇವೆರಡಕ್ಕಿಂತ ಮುಖ್ಯವಾಗಿ ಕಾಣುವುದು ಅದರ ವ್ಯಾಖ್ಯಾನ. ದೇಹದ ಅಥವಾ ಮನಸ್ಸಿನ ದೀರ್ಘಕಾಲದ ಕೊರತೆ ಸುತ್ತಲಿನ ಅಡೆತಡೆಗಳ ಜೊತೆ ಸೇರಿ ಒಬ್ಬರನ್ನು ಸಮಾಜದಲ್ಲಿ ಸರಿಸಮನಾಗಿ ಬೆರೆಯದಂತೆ ತಡೆದರೆ, ಅವರು ವೈಕಲ್ಯವುಳ್ಳ ವ್ಯಕ್ತಿ. ಅಂದರೆ ಮೆಟ್ಟಿಲಿಗೂ ತಪ್ಪಿನಲ್ಲಿ ಪಾಲಿದೆ. ಗೆಳೆಯ ಆ ಅರ್ಜಿ ಕೊಡಲು ಹೋದ ಕಚೇರಿ ಇದ್ದದ್ದು ಮೊದಲ ಮಹಡಿಯಲ್ಲಿ, ಲಿಫ್ಟ್ ಇರಲಿಲ್ಲ. ಕಂಬಿ ಹಿಡಿದು, ಒಂದೊಂದು ಮೆಟ್ಟಿಲಿಗೂ ಎಡಗಾಲು ಮುಂದಿಟ್ಟು ಬಲಗಾಲನ್ನು ಕೈಯಿಂದ ಎತ್ತಿಟ್ಟುಕೊಂಡು ಹತ್ತಿದ.

ಕುರುಡ, ಕುಂಟ, ಕಿವುಡ ಎಂಬ ಪದಗಳು ಕೆಟ್ಟದ್ದು ನಮ್ಮ ಬಾಯಲ್ಲಿ. ‘ಕುಂಟನಿಗೆ ಎಂಟು ಚೇಷ್ಟೆ’ ಎಂಬ ಗಾದೆ ಕಟ್ಟಿ ನಕ್ಕವರು ನಾವೇ. ಹಾಗೆ ಕೆಟ್ಟ ಮೇಲೆ ಸಂಸ್ಕೃತದ ಮರೆಗೆ ಓಡುವುದು ನಮ್ಮ ಅಭ್ಯಾಸ. ಆದರೆ ನನ್ನ ಅಜ್ಜಿ ಕಣ್ಣು ಕಾಣದವರು, ಕಿವಿ ಕೇಳದವರು, ಮಾತು ಬಾರದವರು ಎನ್ನುತ್ತಿದ್ದಳು. ಇದ್ದದ್ದನ್ನು ಇದ್ದಂತೆ ಹೇಳುವ ಮಾತು. ಮರ್ಯಾದೆಯೂ ಅದರೊಳಗೇ ಇದೆ. ಈ ಕನ್ನಡವನ್ನು ಬಿಟ್ಟು ನಾವು ಬಹಳ ದೂರ ಹುಡುಕಿದೆವು.

ಇಲಾಖೆಯ ಹೆಸರಿನಿಂದ ‘ವಿಕಲಚೇತನ’ ಹೋಗಬೇಕು. ಅದರ ಜಾಗಕ್ಕೆ ಯಾವ ಪದ ಬರಬೇಕೆಂದು ತೀರ್ಮಾನಿಸುವ ದಿನ ಆ ಹೆಸರಿನಿಂದ ಕರೆಸಿಕೊಳ್ಳುವವರೇ ಸಭೆಯಲ್ಲಿ ಹೆಚ್ಚಿನ ಸಂಖ್ಯೆಯಲ್ಲಿರಲಿ. ಸಭೆ ನೆಲಮಹಡಿಯಲ್ಲಿ ನಡೆಯಲಿ.