ಮೊದಲು ಬಾಕ್ಸ್, ಆಮೇಲೆ ವೂಫರ್

ಪಿಕಪ್ಪಿಗೆ ಸಬ್‌ವೂಫರ್ ಹಾಕಿಸಬೇಕೆಂದು ಬೆಂಗಳೂರಿನ ಜೆ.ಸಿ. ರಸ್ತೆಗೋ ತಮ್ಮೂರಿನ ಕಾರ್ ಆಕ್ಸೆಸರೀಸ್ ಅಂಗಡಿಗೋ ಹೋದವರು ಮೊದಲು ಎದುರಿಸುವ ಪ್ರಶ್ನೆ ‘ಹತ್ತು ಇಂಚಿಂದೋ, ಹನ್ನೆರಡು ಇಂಚಿಂದೋ?’ ಎಂಬುದು. ಅದರ ಬೆನ್ನಿಗೇ ‘ಎಷ್ಟು ವ್ಯಾಟಿಂದು?’ ಬರುತ್ತದೆ. ಇವೆರಡೂ ತೀರ್ಮಾನವಾಗಿ, ದುಡ್ಡು ಕೊಟ್ಟಾದ ಮೇಲೆ ವೂಫರನ್ನು ಕೂರಿಸುವ ಬಾಕ್ಸ್ ಎಲ್ಲಿ ಹಿಡಿಸೀತು ಎಂಬ ಹುಡುಕಾಟ ಶುರು. ಸೆಡಾನ್ ಕಾರಿನಲ್ಲಿ ಈ ಕ್ರಮದಿಂದ ಅಂಥ ನಷ್ಟವೇನೂ ಆಗದು. ಡಿಕ್ಕಿಯಲ್ಲಿ ಜಾಗ ಧಾರಾಳವಾಗಿರುತ್ತದೆ, ಯಾವ ವೂಫರ್ ತಂದರೂ ಅದಕ್ಕೆ ತಕ್ಕ ಬಾಕ್ಸ್ ಮಾಡಿಸಬಹುದು. ಪಿಕಪ್ಪಿಗೆ ಡಿಕ್ಕಿಯೇ ಇಲ್ಲ. 2016ರಲ್ಲಿ ನಮ್ಮಲ್ಲಿಗೆ ಬಂದ ಇಸುಜು ವಿ-ಕ್ರಾಸ್ ಇರಲಿ, 2022ರಲ್ಲಿ ಬಂದ ಟೊಯೋಟಾ ಹೈಲಕ್ಸ್ ಇರಲಿ, ಅಮೆರಿಕದ ರಸ್ತೆ ತುಂಬ ಕಾಣುವ ಫೋರ್ಡ್ ಎಫ್-150 ಇರಲಿ, ಕ್ಯಾಬಿನ ಒಳಗೆ ಸಿಗುವುದು ಹಿಂದಿನ ಸೀಟಿನ ಬೆನ್ನಿಗೂ ಕ್ಯಾಬಿನ ಗೋಡೆಗೂ ನಡುವಿನ ಸಂದು, ಇಲ್ಲವೇ ಆ ಸೀಟಿನ ಕೆಳಗಿನ ತಗ್ಗು. ಅಲ್ಲಿ ಎಷ್ಟು ಲೀಟರ್ ಗಾಳಿ ಹಿಡಿಸುತ್ತದೆ ಎಂಬುದು ಯಾವ ವೂಫರ್ ಕೊಳ್ಳಬೇಕು ಎಂಬುದನ್ನು ನಿರ್ಧರಿಸುತ್ತದೆ. ಆದ್ದರಿಂದ ಪಿಕಪ್ಪಿನವರು ಅಂಗಡಿಗೆ ಹೋಗುವ ಮೊದಲು ಅಳತೆ ಟೇಪು ಹಿಡಿದು ಸೀಟು ಮಡಚಬೇಕು ಎಂಬುದು ನನ್ನ ವಾದ.

ಬಾಕ್ಸ್ ಎಂದರೆ ವೂಫರ್ ಬೀಳದಂತೆ ಹಿಡಿದಿಡುವ ಮರದ ಪೆಟ್ಟಿಗೆ ಎಂದು ಅನೇಕರು ತಿಳಿದಿರುತ್ತಾರೆ. ಅಮೆರಿಕದ ಎಡ್ಗರ್ ವಿಲ್ಚರ್ 1954ರಲ್ಲಿ ತಮ್ಮ ಎಆರ್-1 ಸ್ಪೀಕರಿನ ಮೂಲಕ ತೋರಿಸಿಕೊಟ್ಟದ್ದು ಬೇರೆಯೇ. ಗಾಳಿ ಆಡದಂತೆ ಮುಚ್ಚಿದ ಬಾಕ್ಸಿನೊಳಗಿನ ಗಾಳಿಯೇ ಸ್ಪ್ರಿಂಗ್‌ನಂತೆ ಕೋನನ್ನು ಎಳೆದು ತಳ್ಳುತ್ತದೆ. ವೂಫರಿನ ಸ್ವಂತ ಸಸ್ಪೆನ್ಷನ್ ಸಡಿಲವಾಗಿದ್ದಷ್ಟೂ ಒಳ್ಳೆಯದು. ಬಾಕ್ಸ್ ಚಿಕ್ಕದಾದರೆ ಸ್ಪ್ರಿಂಗ್ ಬಿಗಿ, ದೊಡ್ಡದಾದರೆ ಸಡಿಲ. ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ, ರಿಚರ್ಡ್ ಸ್ಮಾಲ್ 1970ರ ದಶಕದ ಆರಂಭದಲ್ಲಿ ಇದನ್ನೆಲ್ಲ ಲೆಕ್ಕಕ್ಕೆ ತಂದರು. ಇಂದು ಒಳ್ಳೆಯ ವೂಫರ್ ಯಾವುದರ ಜೊತೆಗೂ ಬರುವ ಕಾಗದದಲ್ಲಿ ಅವರಿಬ್ಬರ ಹೆಸರಿನ ಅಂಕಿಗಳಿರುತ್ತವೆ. ಅವುಗಳಲ್ಲಿ ನಮಗೆ ಬೇಕಾದವು ಮೂರು. ಕೋನ್ ತಾನಾಗಿ ಕಂಪಿಸುವ ಆವರ್ತನ ಎಫ್‌ಎಸ್, ಸಸ್ಪೆನ್ಷನ್ನಿನ ಸಡಿಲಕ್ಕೆ ಸಮನಾದ ಗಾಳಿಯ ಗಾತ್ರ ವಿಎಎಸ್, ಕಂಪನಕ್ಕೆ ಬೀಳುವ ಲಗಾಮನ್ನು ಹೇಳುವ ಕ್ಯೂಟಿಎಸ್. ಒಂದು ಹನ್ನೆರಡು ಇಂಚಿನ ವೂಫರಿಗೆ ಇವು ಕ್ರಮವಾಗಿ 28 ಹರ್ಟ್ಸ್, 50 ಲೀಟರ್, 0.45 ಇವೆ ಎಂದುಕೊಳ್ಳಿ. 25 ಲೀಟರಿನ ಸೀಲ್ಡ್, ಅಂದರೆ ಪೂರ್ತಿ ಮುಚ್ಚಿದ, ಬಾಕ್ಸಿನಲ್ಲಿಟ್ಟರೆ ಅದರ ಕಂಪನ 48 ಹರ್ಟ್ಸ್‌ಗೆ ಏರುತ್ತದೆ, ಕ್ಯೂ 0.78 ಆಗುತ್ತದೆ. ಆದರ್ಶವೆಂದು ಹೇಳುವ 0.707ಕ್ಕೆ ಇದು ಹತ್ತಿರ, ಕಿವಿಗೆ ಹಿತ. ಅದೇ ವೂಫರನ್ನು ಹನ್ನೆರಡೂವರೆ ಲೀಟರಿಗೆ ತುರುಕಿದರೆ ಕಂಪನ 63 ಹರ್ಟ್ಸ್‌ಗೆ, ಕ್ಯೂ 1ಕ್ಕೆ ಜಿಗಿಯುತ್ತವೆ. 90 ಹರ್ಟ್ಸ್ ಸುತ್ತ ಸಣ್ಣ ಉಬ್ಬು, ಅದರ ಕೆಳಗೆ ಇಳಿಜಾರು. 30 ಹರ್ಟ್ಸ್ ಹೊತ್ತಿಗೆ ಎರಡು ಬಾಕ್ಸ್‌ಗಳ ನಡುವೆ ಮೂರೂವರೆ ಡೆಸಿಬೆಲ್‌ನಷ್ಟು ಅಂತರ ಬೀಳುತ್ತದೆ. ಅದನ್ನು ತುಂಬಲು ಆಂಪ್ಲಿಫಯರಿನ ಶಕ್ತಿಯನ್ನು ದುಪ್ಪಟ್ಟಿಗಿಂತ ಹೆಚ್ಚಿಸಬೇಕು. ವೂಫರ್ ಒಂದೇ, ಆಂಪ್ ಒಂದೇ. ಬದಲಾದದ್ದು ಗಾಳಿ ಮಾತ್ರ.

ಈಗ ಸೀಟಿನ ಹಿಂದಿನ ಸಂದಿಗೆ ಬರೋಣ. 120 ಸೆಂಟಿಮೀಟರ್ ಅಗಲ, 45 ಎತ್ತರ, 12 ಆಳದ ಬಾಕ್ಸ್ ಹಿಡಿಸುತ್ತದೆ ಎನ್ನೋಣ. ಹೊರಗಿನಿಂದ ಲೆಕ್ಕ ಹಾಕಿದರೆ ಸುಮಾರು 65 ಲೀಟರ್, ಸಾಕಷ್ಟಾಯಿತಲ್ಲ ಎನಿಸುತ್ತದೆ. ಆದರೆ 18 ಮಿಲಿಮೀಟರ್ ಹಲಗೆ ಬಳಸಿದರೆ ಪ್ರತಿ ಅಳತೆಯಲ್ಲೂ 3.6 ಸೆಂಟಿಮೀಟರ್ ಮರಕ್ಕೇ ಹೋಗುತ್ತದೆ. ಒಳಗೆ ಉಳಿಯುವುದು 116.4, 41.4, 8.4. ಗುಣಿಸಿದರೆ ನಲವತ್ತೂವರೆ ಲೀಟರ್. ಮೂರನೇ ಒಂದು ಭಾಗಕ್ಕಿಂತ ಹೆಚ್ಚನ್ನು ಮರವೇ ನುಂಗಿತು. ಒಳಗೆ ಕೊಡುವ ಆಸರೆ ಪಟ್ಟಿಗಳು, ವೂಫರಿನ ಮೈ ತಿನ್ನುವ ಜಾಗ ಕಳೆದರೆ ಕೈಯಲ್ಲಿ 37 ಲೀಟರ್. ಸೀಟು ಸರಿಯಾಗಿ ಕೂರುವುದಿಲ್ಲವೆಂದು ಆಳವನ್ನು 12ರಿಂದ 9ಕ್ಕೆ ಇಳಿಸಿದಿರಿ ಎನ್ನಿ. ಹೊರಗೆ ಕಡಿಮೆಯಾದದ್ದು ಕಾಲು ಭಾಗ, ಒಳಗಿನ ಗಾಳಿ ಮಾತ್ರ ನಲವತ್ತೂವರೆಯಿಂದ 26 ಲೀಟರಿಗೆ ಇಳಿದಿರುತ್ತದೆ. ಆಳದ ಒಂದೊಂದು ಸೆಂಟಿಮೀಟರಿಗೂ ಪಿಕಪ್ಪಿನಲ್ಲಿ ಇಷ್ಟು ಬೆಲೆ. ಅದಕ್ಕೇ ಟೇಪು ಹಿಡಿಯುವಾಗ ಜಾಕ್, ಪಾನಾಗಳನ್ನು ಆ ಜಾಗದಿಂದ ಎಲ್ಲಿಗೆ ಸಾಗಿಸುತ್ತೀರಿ, ಸೀಟಿನ ಬೆನ್ನು ಮೇಲೆ ಎಷ್ಟು ವಾಲಿದೆ, ಬೆಲ್ಟಿನ ಬೋಲ್ಟು ಎಲ್ಲಿ ಚಾಚಿಕೊಂಡಿದೆ ಎಂಬುದನ್ನೆಲ್ಲ ಕಾಗದದ ಮೇಲೆ ಬರೆದುಕೊಳ್ಳಬೇಕು. ರಟ್ಟು ಕತ್ತರಿಸಿ ಮಾದರಿ ಮಾಡಿ, ಸೀಟು ಮುಚ್ಚಿ ನೋಡಿದ ಮೇಲೆಯೇ ಹಲಗೆಗೆ ಗರಗಸ ಹಾಕುವುದು ಕ್ಷೇಮ.

ಗಾಳಿಯ ಲೆಕ್ಕ ಸಿಕ್ಕಿತೆಂದರೆ ವೂಫರಿನ ಆಯ್ಕೆ ಅರ್ಧ ಮುಗಿದಂತೆಯೇ. ಒಳಗಿನ ಆಳ 8.4, ಮುಂದಿನ ಹಲಗೆಯ ದಪ್ಪ ಸೇರಿ 10.2 ಸೆಂಟಿಮೀಟರ್. ಮ್ಯಾಗ್ನೆಟ್ಟಿನ ಹಿಂದಿನ ತೂತು ಉಸಿರಾಡಲು ಎರಡು ಸೆಂಟಿಮೀಟರ್ ಬಿಟ್ಟರೆ, ವೂಫರಿನ ಆಳ 8 ಸೆಂಟಿಮೀಟರ್ ಮೀರುವಂತಿಲ್ಲ. ಸಾಮಾನ್ಯ ಹನ್ನೆರಡು ಇಂಚಿನ ವೂಫರ್‌ಗಳೆಲ್ಲ ಇಲ್ಲಿಗೇ ಕೈಬಿಟ್ಟುಹೋದವು. ಉಳಿಯುವುದು ‘ಶ್ಯಾಲೋ ಮೌಂಟ್’ ಎಂದು ಮಾರುವ ತೆಳು ಜಾತಿ. ಈ ಜಾತಿ ಬೆಳೆದದ್ದೇ ಅಮೆರಿಕದ ಪಿಕಪ್ ಮಾಲೀಕರ ಒತ್ತಾಯದಿಂದ ಎನ್ನಬಹುದು. ಒಕ್ಲಹೋಮಾದ ಸ್ಟಿಲ್‌ವಾಟರಿನಲ್ಲಿ 1973ರಲ್ಲಿ ಹುಟ್ಟಿದ ಕಂಪನಿಯೊಂದು 1980ರಲ್ಲಿ ‘ಕಿಕ್ಕರ್’ ಎಂಬ ಹೆಸರಿನಲ್ಲಿ ವಾಹನಕ್ಕೆಂದೇ ಬಾಕ್ಸ್ ಸಮೇತ ಸ್ಪೀಕರ್ ತಂದಿತು. ಜೆಎಲ್ ಆಡಿಯೋದವರು ಆಯಾ ವಾಹನದ ಸಂದುಗೊಂದಿಗೆ ತಕ್ಕಂತೆ ಫೈಬರ್‌ಗ್ಲಾಸಿನಲ್ಲಿ ಅಚ್ಚು ಹಾಕಿ ‘ಸ್ಟೆಲ್ತ್‌ಬಾಕ್ಸ್’ ಮಾಡಿದರು. ಅವರ ಹದಿಮೂರೂವರೆ ಇಂಚಿನ 13ಟಿಡಬ್ಲ್ಯು5 ವೂಫರಿಗೆ ಬೇಕಾದ ಆಳ ಎರಡೂವರೆ ಇಂಚಿನಷ್ಟೇ. ಇವರೆಲ್ಲ ಹಿಡಿದದ್ದು ಜಾಗ ಮೊದಲು, ಸ್ಪೀಕರ್ ಆಮೇಲೆ ಎಂಬ ದಾರಿಯನ್ನೇ. ತೆಳು ವೂಫರಿಗೂ ಮಿತಿಗಳಿವೆ. ಕೋನ್ ಮುಂದೆ ಹಿಂದೆ ಓಡಾಡುವ ದೂರ ಸಾಮಾನ್ಯವಾಗಿ ಕಡಿಮೆ, ಕಾಯಿಲಿನ ಬಿಸಿ ಹೊರಹೋಗುವ ದಾರಿ ಇಕ್ಕಟ್ಟು. ಹಾಗಾಗಿ ಕಾಗದದಲ್ಲಿ ಆ ದೂರವನ್ನು ಹೇಳುವ ‘ಎಕ್ಸ್‌ಮ್ಯಾಕ್ಸ್’ ಎಷ್ಟಿದೆ ಎಂದು ಹುಡುಕಿ. ರಟ್ಟಿನ ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿರುವ ‘ಮ್ಯಾಕ್ಸ್ ಪವರ್’ ಬಿಟ್ಟು, ಎಡೆಬಿಡದೆ ತಾಳುವ ಶಕ್ತಿಯನ್ನು ಹೇಳುವ ಆರ್‌ಎಂಎಸ್ ಅಂಕಿಯನ್ನಷ್ಟೇ ಓದಿ.

ಚಿಕ್ಕ ಕ್ಯಾಬಿನಲ್ಲಿ ಚಿಕ್ಕ ಸೀಲ್ಡ್ ಬಾಕ್ಸ್ ಇಟ್ಟರೆ ತೀರ ಕೆಳಗಿನ ನಾದ ಕೇಳುವುದಾದರೂ ಹೇಗೆ ಎಂಬ ಸಂಶಯ ಸಹಜ. ಪಿಕಪ್ಪಿನ ನಿಜವಾದ ಲಾಭ ಇರುವುದು ಇಲ್ಲಿಯೇ. ಗಾಳಿಯಲ್ಲಿ 40 ಹರ್ಟ್ಸ್ ನಾದದ ಅಲೆ ಎಂಟೂವರೆ ಮೀಟರ್ ಉದ್ದ. ಡಬಲ್ ಕ್ಯಾಬಿನ ಒಳಗಿನ ಉದ್ದ ಎರಡೂವರೆ ಮೀಟರ್ ಎಂದಿಟ್ಟುಕೊಂಡರೆ, ಅರ್ಧ ಅಲೆ ಅಷ್ಟರಲ್ಲಿ ಹಿಡಿಸುವುದು ಸುಮಾರು 70 ಹರ್ಟ್ಸ್‌ವರೆಗೆ. ಅದಕ್ಕಿಂತ ಕೆಳಗೆ ಅಲೆ ಹರಡಲು ಜಾಗವೇ ಇಲ್ಲ. ವೂಫರ್ ಒಳಹೊರಗೆ ಚಲಿಸಿದಂತೆಲ್ಲ ಇಡೀ ಕ್ಯಾಬಿನ ಗಾಳಿ ಒಟ್ಟಾಗಿ ಒತ್ತುತ್ತದೆ, ಸಡಿಲುತ್ತದೆ. ಇದರಿಂದ ಸಿಗುವ ಏರಿಕೆ, ಕ್ಯಾಬು ಪೂರ್ತಿ ಬಿಗಿಯಾಗಿದ್ದರೆ, ಸಪ್ತಕಕ್ಕೆ 12 ಡೆಸಿಬೆಲ್. ಮುಚ್ಚಿದ ಬಾಕ್ಸಿನ ಇಳಿಜಾರೂ ಸಪ್ತಕಕ್ಕೆ 12 ಡೆಸಿಬೆಲ್ಲೇ. ಬಾಕ್ಸ್ ಕಳೆದುಕೊಂಡದ್ದನ್ನು ಕ್ಯಾಬು ತುಂಬಿಕೊಡುತ್ತದೆ. ಕಿಟಕಿಯ ರಬ್ಬರು, ಬಾಗಿಲಿನ ತಗಡು, ಮೇಲ್ಛಾವಣಿ ಒಂದಿಷ್ಟು ಒತ್ತಡವನ್ನು ಸೋರಿಸುವುದರಿಂದ ಪೂರ್ತಿ ಹನ್ನೆರಡು ಸಿಗದು. ಆದರೂ ಈ ಉಡುಗೊರೆಯ ಬೆಲೆ ತಿಳಿದಿರಲಿ: ವಿದ್ಯುತ್ತಿನ ಬಲದಿಂದ 12 ಡೆಸಿಬೆಲ್ ಏರಿಸಬೇಕಾದರೆ 100 ವ್ಯಾಟ್ ಇದ್ದಲ್ಲಿ 1,600 ವ್ಯಾಟ್ ಬೇಕು.

ಗಾಳಿ ಆಡಲು ಕೊಳವೆಯ ಬಾಯಿ ಬಿಟ್ಟ ಪೋರ್ಟೆಡ್ ಬಾಕ್ಸ್ ಜೋರಾಗಿ ಕೇಳುತ್ತದಲ್ಲ ಎಂಬ ಆಕ್ಷೇಪಕ್ಕೆ ತೂಕವಿದೆ. ಬೆಲ್ ಲ್ಯಾಬ್ಸ್‌ನ ಆಲ್ಬರ್ಟ್ ಥುರಾಸ್ 1932ರಲ್ಲಿ ಪೇಟೆಂಟ್ ಪಡೆದ ಉಪಾಯವದು. ಘಟ ನುಡಿಸುವವರು ಅದರ ಬಾಯನ್ನು ತಮ್ಮ ಹೊಟ್ಟೆಗೆ ಒತ್ತಿ, ಸಡಿಲಿಸಿ ತುಂಬುನಾದ ಹೊರಡಿಸುವುದನ್ನು ಕಂಡವರಿಗೆ ಇದರ ಮರ್ಮ ಬೇಗ ಹೊಳೆಯುತ್ತದೆ. ಘಟದೊಳಗಿನ ಗಾಳಿ, ಅದರ ಕಿರಿದಾದ ಬಾಯಿಯ ಗಾಳಿ ಎರಡೂ ಸೇರಿ ಒಂದು ಆವರ್ತನದಲ್ಲಿ ಅನುರಣಿಸುತ್ತವೆ. ಪೋರ್ಟೆಡ್ ಬಾಕ್ಸ್ ಆ ಅನುರಣನವನ್ನು ವೂಫರಿನ ಸಹಾಯಕ್ಕೆ ತರುತ್ತದೆ. ಅದರ ಆಸುಪಾಸಿನಲ್ಲಿ ಲಾಭ ಖಂಡಿತ ಇದೆ. ಆದರೆ ಅದಕ್ಕಿಂತ ಕೆಳಗೆ ಇಳಿಜಾರು ಸಪ್ತಕಕ್ಕೆ 24 ಡೆಸಿಬೆಲ್, ಕ್ಯಾಬಿನ ಉಡುಗೊರೆಗೆ ಹೊಂದದ ಪ್ರಪಾತ. ಹಿಡಿದು ನಿಲ್ಲಿಸುವ ಗಾಳಿಯ ಸ್ಪ್ರಿಂಗೂ ಅಲ್ಲಿ ಇಲ್ಲವಾಗಿ ಕೋನ್ ಹದ್ದುಮೀರಿ ಓಡುತ್ತದೆ. ತೆಳು ವೂಫರಿಗಂತೂ ಅದು ಅಪಾಯ. ಆಂಪ್‌ನಲ್ಲಿ ತೀರ ಕೆಳಗಿನ ಆವರ್ತನಗಳನ್ನು ತಡೆಯುವ ಸಬ್‌ಸೋನಿಕ್ ಫಿಲ್ಟರ್ ಇಲ್ಲದೆ ಆ ಕೆಲಸಕ್ಕೆ ಕೈಹಾಕಲೇಬಾರದು. ಇನ್ನು ಜಾಗದ ಲೆಕ್ಕ. ನಮ್ಮ ಬಾಕ್ಸನ್ನು 40 ಲೀಟರ್ ಎಂದುಕೊಂಡು 35 ಹರ್ಟ್ಸ್‌ಗೆ ಶ್ರುತಿ ಮಾಡಲು ಹತ್ತು ಸೆಂಟಿಮೀಟರ್ ವ್ಯಾಸದ ಕೊಳವೆ ಹಾಕಿದರೆ ಅದು 41 ಸೆಂಟಿಮೀಟರ್ ಉದ್ದ ಬೇಕು. ಒಳಗಿನ ಆಳವೇ 8.4, ಕೊಳವೆ ಒಳಗೆ ಹೋಗುವುದೇ ಇಲ್ಲ. ಏಳೂವರೆಯದಾದರೆ ಹಿಡಿಸುತ್ತದೆ, 22 ಸೆಂಟಿಮೀಟರ್ ಸಾಕು. ಆದರೆ ಅದರ ಬಾಯಿಯ ವಿಸ್ತೀರ್ಣ ಮೊದಲಿನದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚಷ್ಟೇ ಆದ್ದರಿಂದ ವಾಲ್ಯೂಮ್ ಏರಿಸಿದಾಗ ಗಾಳಿ ಭುಸುಗುಟ್ಟುತ್ತದೆ. ಹಲಗೆಯಲ್ಲೇ ಉದ್ದನೆಯ ಸೀಳು ಕಟ್ಟಬಹುದು. ಅದು ಮತ್ತೆ ಮೂರು ಲೀಟರಿಗೂ ಹೆಚ್ಚು ಗಾಳಿಯನ್ನು ತಿನ್ನುತ್ತದೆ. ಹಿಂದಿನ ಸೀಟನ್ನೇ ಕಳಚಿ ಇಡಲು ಸಿದ್ಧರಿರುವವರಿಗೆ ಪೋರ್ಟೆಡ್ ಬಾಕ್ಸ್ ಒಳ್ಳೆಯದೇ. ಸೀಟು ಉಳಿಸಿಕೊಳ್ಳುವವರಿಗೆ ಸೀಲ್ಡ್ ಬಾಕ್ಸೇ ಸರಿ.

ಇನ್ನೊಂದು ವಾದ, ದೊಡ್ಡ ಆಂಪ್ ಹಾಕಿದರೆ ಬಾಕ್ಸ್ ಎಷ್ಟು ಚಿಕ್ಕದಾದರೂ ನಡೆಯುತ್ತದೆ ಎಂಬುದು. ಸ್ವಲ್ಪ ಮಟ್ಟಿಗೆ ನಡೆಯುತ್ತದೆ, ಆದರೆ ಬೆಲೆ ತೆತ್ತು. ಸ್ಪೀಕರ್ ತಯಾರಿಸುವ ಕೆಎಲ್‌ಎಚ್ ಕಂಪನಿಯ ಹೆಸರಿನ ಕೊನೆಯ ಅಕ್ಷರಕ್ಕೆ ಕಾರಣರಾದ ಹಾಫ್‌ಮನ್ ಒಂದು ನಿಯಮ ಹೇಳಿದ್ದಾರೆ. ಚಿಕ್ಕ ಬಾಕ್ಸ್, ಆಳವಾದ ಬೇಸ್, ಕಡಿಮೆ ವಿದ್ಯುತ್ತಿನಲ್ಲಿ ಜೋರು ಸದ್ದು ಈ ಮೂರರಲ್ಲಿ ಎರಡು ಸಿಗುತ್ತವೆ, ಮೂರನೆಯದನ್ನು ಬಿಡಬೇಕು. ಮೃದಂಗದ ಎಡಮುಖಕ್ಕೆ ಕಛೇರಿಗೆ ಮುಂಚೆ ರವೆಯ ಕಣಕ ಹಚ್ಚುತ್ತಾರೆ. ಭಾರ ಕೂಡಿದಂತೆ ನಾದ ಕೆಳಗಿಳಿಯುತ್ತದೆ. ಚಿಕ್ಕ ಬಾಕ್ಸಿಗೆಂದು ಮಾಡಿದ ವೂಫರಿನಲ್ಲೂ ಕೋನನ್ನು ಭಾರ ಮಾಡಿಯೇ ನಾದ ಇಳಿಸಿರುತ್ತಾರೆ. ಭಾರದ ಕೋನ್ ಅಲುಗಾಡಿಸಲು ಹೆಚ್ಚು ವ್ಯಾಟ್ ಬೇಕು. 500 ವ್ಯಾಟ್ ಆರ್‌ಎಂಎಸ್‌ನ ಕ್ಲಾಸ್-ಡಿ ಆಂಪ್ ಪೂರ್ತಿ ದುಡಿಯುವಾಗ ಬ್ಯಾಟರಿಯಿಂದ 45 ಆಂಪಿಯರ್‌ನಷ್ಟು ಎಳೆಯುತ್ತದೆ. ದಪ್ಪ ತಾಮ್ರದ ಕೇಬಲ್ ಮತ್ತು ಬ್ಯಾಟರಿಯ ಮಗ್ಗುಲಲ್ಲೇ ಫ್ಯೂಸ್ ಕಡ್ಡಾಯ. ನನ್ನ ಮಟ್ಟಿಗೆ ಡಬಲ್ ಕ್ಯಾಬಿಗೆ 250ರಿಂದ 400 ವ್ಯಾಟ್ ಸಾಕು, ಗಾಳಿಯ ಲೆಕ್ಕ ಸರಿಯಿದ್ದರೆ. ನಾಲ್ಕು ತಂತಿಯ ಬೇಸ್ ಗಿಟಾರಿನ ಅತಿ ಕೆಳಗಿನ ಸ್ವರ 41 ಹರ್ಟ್ಸ್. ಅದು ಸ್ಪಷ್ಟವಾಗಿ, ಸ್ವರವೆಂದು ಗುರುತು ಸಿಗುವಂತೆ ಬಂದರೆ ಸಬ್‌ವೂಫರ್ ತನ್ನ ಕೆಲಸ ಮಾಡಿದೆ ಎಂದರ್ಥ. ಸೀಟಿನ ಕೆಳಗೆ ಕೂರುವ ಎಂಟು ಇಂಚಿನ ರೆಡಿಮೇಡ್ ಆಕ್ಟಿವ್ ಸಬ್‌ಗಳು ಬಾಗಿಲಿನ ಸ್ಪೀಕರಿಗೆ ಒಂದಿಷ್ಟು ಮೈ ತುಂಬುತ್ತವೆ. ಅವುಗಳ ಅಂಗೈ ಎತ್ತರದ ಮೈಯಲ್ಲಿ ಆ 41ಕ್ಕೆ ಬೇಕಾದ ಗಾಳಿ ಇಲ್ಲ. ಹಿಂದಿನ ಲೋಡ್ ತೊಟ್ಟಿಯಲ್ಲಿ ಬಾಕ್ಸ್ ಇಡುವ ಯೋಚನೆಯಿದ್ದರೆ ಬಿಟ್ಟುಬಿಡಿ. ಮಳೆ, ಕಳ್ಳತನದ ಭಯ ಒಂದು ಕಡೆಗಿರಲಿ, ಕ್ಯಾಬಿನ ಏರಿಕೆಯೇ ಕೈತಪ್ಪುತ್ತದೆ. ಅಮೆರಿಕದಲ್ಲಿ ಕೆಲವರು ಕ್ಯಾಬಿನ ಹಿಂಗೋಡೆಯನ್ನೇ ಕೊರೆದು ತೊಟ್ಟಿಗೆ ಜೋಡಿಸುತ್ತಾರೆ. ನಮ್ಮಲ್ಲಿ ಅದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿಗೆ ಎದುರು ನಿಂತಂತೆ.

ಬಾಕ್ಸ್ ಕಟ್ಟುವಾಗ ಎಂಡಿಎಫ್ ಹಲಗೆ ಬೇಡವೆನ್ನುತ್ತೇನೆ, ಅದರಲ್ಲೂ ಸಕಲೇಶಪುರ, ಮಡಿಕೇರಿ, ಕೊಪ್ಪದ ಕಡೆಯವರಿಗೆ. ಒದ್ದೆ ಬೂಟು, ಒದ್ದೆ ರೇನ್‌ಕೋಟುಗಳ ನಡುವೆ ಕೂರುವ ಎಂಡಿಎಫ್ ಅಂಚಿನಲ್ಲಿ ನೀರು ಕುಡಿದು ಉಬ್ಬುತ್ತದೆ, ಸ್ಕ್ರೂ ಹಿಡಿತ ಬಿಡುತ್ತದೆ. 18 ಮಿಲಿಮೀಟರಿನ ಮರೈನ್ ಪ್ಲೈ ದುಬಾರಿಯಾದರೂ ಬಾಳುತ್ತದೆ. ಅಗಲವಾದ ತೆಳು ಬಾಕ್ಸಿನ ಎರಡು ದೊಡ್ಡ ಮುಖಗಳು ತಮಟೆಯ ಚರ್ಮದಂತೆ ಮಿಡಿಯುವುದರಿಂದ, ಅವೆರಡನ್ನೂ ಬಂಧಿಸುವ ಮರದ ಗೂಟಗಳನ್ನು ಮೂರು ನಾಲ್ಕು ಕಡೆ ಅಂಟಿಸಬೇಕು. ದಿಂಬಿಗೆ ತುಂಬುವ ಪಾಲಿಯೆಸ್ಟರ್ ಹತ್ತಿಯನ್ನು ಒಳಗೆ ಹಗುರವಾಗಿ ಹರಡಿದರೆ ವೂಫರಿಗೆ ಬಾಕ್ಸ್ ಇರುವುದಕ್ಕಿಂತ ಸ್ವಲ್ಪ ದೊಡ್ಡದಾಗಿ ಭಾಸವಾಗುತ್ತದೆ. ಇಕ್ಕಟ್ಟಿನಲ್ಲಿ ಅಷ್ಟೂ ಲಾಭವೇ. ಒಳಗಿನ ಎಲ್ಲ ಮೂಲೆಗಳಿಗೂ ಸಿಲಿಕಾನ್ ಎಳೆದು, ಅದು ಪೂರ್ತಿ ಒಣಗಿದ ಮೇಲೆ ವೂಫರ್ ಕೂರಿಸಿ. ಆಮೇಲೆ ಮೊಬೈಲಿನಿಂದ 30 ಹರ್ಟ್ಸ್‌ನ ಒಂದೇ ನಾದವನ್ನು ಮೆಲುವಾಗಿ ಹಾಕಿ, ಹಚ್ಚಿದ ಊದುಬತ್ತಿಯನ್ನು ಹಲಗೆಗಳ ಸಂದುಗುಂಟ, ವೈರು ಹೊರಬರುವ ತೂತಿನ ಸುತ್ತ ನಿಧಾನವಾಗಿ ಹಿಡಿದು ಸಾಗಿ. ಹೊಗೆ ನೇರ ಏರುತ್ತಿದ್ದರೆ ಆ ಜಾಗ ಭದ್ರ. ಎಲ್ಲಾದರೂ ನಡುಗಿ ಚದುರಿದರೆ ಅಲ್ಲಿಗೆ ಇನ್ನೊಂದು ಗೆರೆ ಸಿಲಿಕಾನ್ ಬೇಕು. ಮೊದಲ ಮಳೆಗಾಲ ಕಳೆದ ಮೇಲೆ ಇದೇ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ.