ಗೊರಸಿಗೆ ಕಬ್ಬಿಣದ ಕಾವಲು

ಕಲ್ಯಾಣ, ಡೊಂಬಿವಲಿಯವರು ಕರ್ಜತ್ ಲೋಕಲ್ ರೈಲು ಹಿಡಿದು, ನೇರಳ್‌ನಲ್ಲಿಳಿದು ಮಾಥೇರಾನ್ ಗಿರಿಧಾಮಕ್ಕೆ ಹತ್ತುತ್ತಾರೆ. ಅಲ್ಲಿನ ಕೆಮ್ಮಣ್ಣಿನ, ಕಲ್ಲಿನ ದಾರಿಯಲ್ಲಿ ಜನರನ್ನು ಹೊರುವ ಕುದುರೆಗಳ ಕಾಲನ್ನೊಮ್ಮೆ ಗಮನಿಸಿ. ಲಾಳ ಕಟ್ಟುವುದು ಎಂಥ ನಾಜೂಕಿನ ಕೆಲಸ!

ಕಸುಬುದಾರ ಕುದುರೆಯ ಕಾಲನ್ನೆತ್ತಿ ಹಿಡಿದು, ಹಳೆಯ ಲಾಳ ಕಿತ್ತು, ಬೆಳೆದ ಗೊರಸನ್ನು ಕತ್ತರಿಸಿ, ಅರದಿಂದ ಉಜ್ಜಿ ಸಮ ಮಾಡುತ್ತಾನೆ. ಹೊಸ ಲಾಳವನ್ನಿಟ್ಟು ಮೊಳೆಯನ್ನು ಓರೆಯಾಗಿ ಹೊಡೆಯುತ್ತಾನೆ. ಗೊರಸಿನ ಹೊರಗೋಡೆಗೆ ನಮ್ಮ ಉಗುರಿನಂತೆ ನೋವಿಲ್ಲ. ಮೊಳೆ ಅದರಲ್ಲೇ ಸಾಗಿ ಹೊರಗೆ ತುದಿ ತೋರಿಸಬೇಕು. ತುಸು ಒಳಗೆ ಸರಿದರೂ ಕುದುರೆ ಕುಂಟುತ್ತದೆ. ತುದಿ ಮುರಿದು ಮಡಚಿದರೆ ಲಾಳ ಭದ್ರ. ಗೊರಸು ತಿಂಗಳಿಗೆ ಸುಮಾರು 1 ಸೆಂ.ಮೀ. ಬೆಳೆಯುವುದರಿಂದ ಆರೆಂಟು ವಾರಕ್ಕೊಮ್ಮೆ ಮತ್ತೆ ಇದೇ ಕೆಲಸ.

ನಮ್ಮೂರಿನ ಎತ್ತಿಗೆ ಗೊರಸು ಸೀಳಿರುವುದರಿಂದ ಒಂದೊಂದು ಕಾಲಿಗೂ ಎರಡು ಬಿಲ್ಲೆ. ಪ್ರಾಚೀನ ರೋಮನ್ನರು ಮೊಳೆಯಿಲ್ಲದೆ, ಕಬ್ಬಿಣದ ತಟ್ಟೆಯನ್ನು ತೊಗಲಿನ ಪಟ್ಟಿಯಿಂದ ಕುದುರೆಯ ಗೊರಸಿಗೆ ಬಿಗಿಯುತ್ತಿದ್ದರು. ಅಂಥ ಪಾದರಕ್ಷೆಗಳು ಫ್ರಾನ್ಸ್, ಜರ್ಮನಿ, ಬ್ರಿಟನ್ನಿನ ನೆಲದಲ್ಲಿ ಸಿಕ್ಕಿವೆ.

ಮಾತು ಬಾರದ ಪ್ರಾಣಿಯ ನೋವನ್ನು ಅದರ ನಡಿಗೆಯಲ್ಲೇ ಅರಿಯುವ, ಲಾಳ ಕಟ್ಟುವ ಈ ಕೈಗಳಿಗೆ ದೊಡ್ಡ ಗೌರವ ಸಲ್ಲಬೇಕು.