ಕುಟ್ಟಿದ ಬೀಜ, ಇಡಿಯ ಬೀಜ

ಮುಂಬಯಿಯ ಹಾರ್ಬರ್ ರೈಲುಮಾರ್ಗದ ಮಗ್ಗುಲಲ್ಲಿ, ವಡಾಲಾಕ್ಕೂ ಸಾಯನ್ ಕೋಳಿವಾಡಕ್ಕೂ ನಡುವೆ ಹಬ್ಬಿರುವ ಆಂಟಾಪ್ ಹಿಲ್ಲಿನಲ್ಲಿ, ಕೇಂದ್ರ ಸರಕಾರದ ನೌಕರರಿಗೆಂದು ಕಟ್ಟಿದ ವಸತಿಗಳಲ್ಲಿಯೂ ಅವುಗಳ ಸುತ್ತಣ ಚಾಳುಗಳಲ್ಲಿಯೂ ನೆಲೆಸಿದ ವಿಜಯಪುರ, ಕಲಬುರಗಿ, ಧಾರವಾಡ ಸೀಮೆಯ ಕನ್ನಡ ಮನೆಗಳಲ್ಲಿ, ಊರಿನ ಅಡುಗೆಯ ಎಷ್ಟೋ ಅಂಗಗಳು ಕಾಲಕ್ರಮದಲ್ಲಿ ಲೋಪವಾದರೂ ಹಿಂಡಿಯೊಂದು ಮಾತ್ರ ಅಚಲವಾಗಿ ಉಳಿದುಕೊಂಡಿದೆ. ಶೇಂಗಾ, ಗುರೆಳ್ಳು, ಅಗಸಿ ಎಂಬ ಮೂರು ಎಣ್ಣೆಬೀಜಗಳಲ್ಲಿ ಯಾವುದಾದರೊಂದನ್ನು ಹದವರಿತು ಹುರಿದು, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪುಗಳೊಡನೆ ಕುಟ್ಟಿ, ಡಬ್ಬಿಯಲ್ಲಿ ತುಂಬಿಟ್ಟು, ರೊಟ್ಟಿಯ ಮಗ್ಗುಲಿಗೆ ಮೊಸರಿನೊಡನೆ ಬಡಿಸುವ ಈ ಪದ್ಧತಿಗೆ ಮುಂಬಯಿಯ ನೆಲವೂ ಪ್ರತಿಕೂಲವಾಗಲಿಲ್ಲ. ಏಕೆಂದರೆ ನೆರೆಯ ಮರಾಠಿ ಮನೆಗಳಲ್ಲಿಯೂ ಕಾರಳೆ, ಜವಸಗಳ ಚಟ್ನಿಗಳು ಉಂಟಾದುದರಿಂದ ಬೀಜಗಳು ಮೂಲೆಯ ಅಂಗಡಿಯಲ್ಲಿಯೇ ದೊರೆಯುತ್ತವೆ. ಇತ್ತೀಚೆಗೆ ಇವೇ ಮನೆಗಳ ಕಪಾಟುಗಳಿಗೆ ಮತ್ತೊಂದು ಪದ್ಧತಿಯೂ ಬಂದು ಸೇರಿದೆ. ಅಗಸೆ, ಚಿಯಾ, ಕುಂಬಳ, ಸೂರ್ಯಕಾಂತಿಗಳ ಬೀಜಗಳನ್ನು ಪೊಟ್ಟಣದಿಂದ ತೆಗೆದು, ಇಡಿಯಾಗಿಯೇ ನೀರಿನಲ್ಲಿಯೋ ಮೊಸರಿನಲ್ಲಿಯೋ ಬೆರೆಸಿ, ಚಮಚದ ಲೆಕ್ಕದಲ್ಲಿ ನುಂಗುವುದು. ಈ ಎರಡರಲ್ಲಿ ಯಾವುದು ದೇಹಕ್ಕೆ ಹೆಚ್ಚು ಸಲ್ಲುತ್ತದೆ, ಯಾರಿಗೆ ಸಲ್ಲುತ್ತದೆ ಎಂಬುದನ್ನು ಪರಿಶೀಲಿಸುವುದು ಇಲ್ಲಿಯ ಉದ್ದೇಶ.

ಬೀಜವು ನಮ್ಮ ಆಹಾರವಾಗಲೆಂದು ನಿರ್ಮಿತವಾದುದಲ್ಲ. ತನ್ನೊಳಗಿನ ಮೊಳಕೆಗಾಗಿ ಅದು ಕೂಡಿಟ್ಟ ಎಣ್ಣೆಯು ಪ್ರೋಟೀನಿನ ತೆಳುಪೊರೆಯನ್ನು ಹೊದ್ದ ಅತಿ ಸೂಕ್ಷ್ಮ ಬಿಂದುಗಳಾಗಿ ಒಂದೊಂದು ಜೀವಕೋಶದಲ್ಲಿಯೂ ತುಂಬಿರುತ್ತದೆ. ಆ ಕೋಶವನ್ನು ಸುತ್ತುವರಿದ ಭಿತ್ತಿಯಾದರೋ ಸೆಲ್ಯುಲೋಸ್ ಮತ್ತು ಪೆಕ್ಟಿನ್‌ಗಳಿಂದ ಕಟ್ಟಿದುದು, ಮತ್ತು ಮನುಷ್ಯನ ಜೊಲ್ಲಿನಲ್ಲಾಗಲಿ ಜಠರದಲ್ಲಾಗಲಿ ಕರುಳಿನಲ್ಲಾಗಲಿ ಈ ಭಿತ್ತಿಯನ್ನು ಕರಗಿಸಬಲ್ಲ ಕಿಣ್ವವು ಒಂದೂ ಇಲ್ಲ. ಭಿತ್ತಿಯು ಒಡೆದು ಎಣ್ಣೆಯು ಹೊರಬಿದ್ದರೆ, ಪಿತ್ತರಸವು ಅದನ್ನು ಸಣ್ಣ ಸಣ್ಣ ಕಣಗಳಾಗಿ ಚದುರಿಸಿ, ಮೇದೋಜೀರಕ ಗ್ರಂಥಿಯ ಲೈಪೇಸ್ ಅದನ್ನು ಸೀಳಿ, ಸಣ್ಣ ಕರುಳಿನ ಗೋಡೆಯು ಅದನ್ನು ಹೀರಿ ದುಗ್ಧನಾಳಗಳ ಮೂಲಕ ರಕ್ತಕ್ಕೆ ಸಾಗಿಸುವ ಕಾರ್ಯವೆಲ್ಲ ಬಹು ದಕ್ಷತೆಯಿಂದ ನಡೆದುಹೋಗುತ್ತದೆ. ಒಡೆಯದಿದ್ದರೆ, ಬಾಯಿ ಮುಚ್ಚಿದ ಹಗೇವಿನಂತೆ, ಒಳಗೆ ಎಷ್ಟು ಸಂಪತ್ತಿದ್ದರೂ ಹೊರಗಿನವನಿಗೆ ಅದು ಇಲ್ಲದುದಕ್ಕೆ ಸಮ. ಹಾಗೆ ಅಖಂಡವಾಗಿ ದೊಡ್ಡ ಕರುಳನ್ನು ಮುಟ್ಟಿದ ಕೋಶಗಳ ಭಿತ್ತಿಯನ್ನು ಅಲ್ಲಿಯ ಸೂಕ್ಷ್ಮಜೀವಿಗಳು ಅಷ್ಟಿಷ್ಟು ಹುದುಗಿಸಿ ಸ್ವಲ್ಪ ಶಕ್ತಿಯನ್ನು ಹಿಂದಿರುಗಿಸುತ್ತವೆ. ಆದರೆ ಆ ಹೊತ್ತಿಗೆ ಕೊಬ್ಬನ್ನು ಹೀರುವ ಸ್ಥಾನವು ಹಿಂದೆ ಸರಿದಿರುತ್ತದೆ. ಹಲ್ಲುಗಳು ಎಷ್ಟೇ ಶ್ರಮಿಸಿದರೂ ಒಡೆದ ತುಣುಕಿನ ಮೇಲ್ಮೈಯ ಕೋಶಗಳು ಮಾತ್ರ ತೆರೆಯುತ್ತವೆ, ಒಳಗಿನವು ಮುಚ್ಚಿಯೇ ಇರುತ್ತವೆ.

ಇದನ್ನು ಶೇಂಗಾದ ವಿಷಯದಲ್ಲಿಯೇ ಅಳೆದು ನೋಡಿದವರುಂಟು. 1980ರಲ್ಲಿ ಅಮೆರಿಕದ ಲೆವಿನ್ ಮತ್ತು ಸಿಲ್ವಿಸ್ ಎಂಬ ಸಂಶೋಧಕರು ಇಡಿಯ ಶೇಂಗಾ, ಶೇಂಗಾದ ಬೆಣ್ಣೆ, ಶೇಂಗಾದ ಎಣ್ಣೆ ಇವುಗಳನ್ನು ಬೇರೆ ಬೇರೆಯಾಗಿ ತಿನ್ನಿಸಿ ಮಲದಲ್ಲಿ ಉಳಿದ ಕೊಬ್ಬನ್ನು ಅಳೆದಾಗ, ಎಣ್ಣೆಯಲ್ಲಿ ತಿಂದ ಕೊಬ್ಬಿನ ಶೇಕಡ 4.5ರಷ್ಟೂ, ಬೆಣ್ಣೆಯಲ್ಲಿ ಶೇಕಡ 7ರಷ್ಟೂ, ಇಡಿಯ ಕಾಳಿನಲ್ಲಿ ಶೇಕಡ 17.8ರಷ್ಟೂ ಹೀರಲ್ಪಡದೆ ಹೊರಬಿದ್ದಿತ್ತು. ಪದಾರ್ಥವೊಂದೇ, ಕೊಬ್ಬೂ ಒಂದೇ, ವ್ಯತ್ಯಾಸವಿದ್ದುದು ಅರೆದುದರಲ್ಲಿ. ನಮ್ಮ ದೇಶದ ಹಳೆಯ ಆಹಾರ ಕೋಷ್ಟಕಗಳು 100 ಗ್ರಾಂ ಶೇಂಗಾಕ್ಕೆ ಸುಮಾರು 40 ಗ್ರಾಂ ಕೊಬ್ಬನ್ನೂ 567 ಕ್ಯಾಲೊರಿಗಳನ್ನೂ ಹೇಳುತ್ತವೆ. ಕೋಷ್ಟಕದ ಲೆಕ್ಕದಲ್ಲಿಯೇ ಅಡಕವಾಗಿರುವ ಶೇಕಡ 5ರ ನಷ್ಟವನ್ನು ಕಳೆದರೂ, ಹುರಿದ ಕಾಳನ್ನು ಇಡಿಯಾಗಿ ತಿಂದವನು ಇನ್ನೂ ಐದು ಗ್ರಾಂ ಕೊಬ್ಬನ್ನು, ಎಂದರೆ ನಲವತ್ತೈದಕ್ಕೂ ಮಿಕ್ಕ ಕ್ಯಾಲೊರಿಗಳನ್ನು, ಕಳೆದುಕೊಳ್ಳುತ್ತಾನೆಂದು ನನ್ನ ಎಣಿಕೆ; ಹಿಂಡಿಯನ್ನು ತಿಂದವನಿಗೆ ಅದರ ಬಹುಭಾಗವು ದಕ್ಕುತ್ತದೆ.

ಈ ಕೋಷ್ಟಕಗಳ ಮೂಲಪುರುಷನಾದ ವಿಲ್ಬರ್ ಆಟ್‌ವಾಟರನನ್ನು ಇಲ್ಲಿ ಅಕಾರಣವಾಗಿ ದೂಷಿಸಲಾಗದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆತನು ಆಹಾರವನ್ನು ಸುಟ್ಟು ಬಂದ ಶಾಖವನ್ನು ಮಾತ್ರ ಅಳೆದು ಸುಮ್ಮನಾಗದೆ, ಮಲಮೂತ್ರಗಳಲ್ಲಿ ಹೋಗುವ ನಷ್ಟವನ್ನೂ ಕಳೆದು, ಪ್ರೋಟೀನಿಗೆ 4, ಪಿಷ್ಟಕ್ಕೆ 4, ಕೊಬ್ಬಿಗೆ 9 ಎಂಬ ಸಂಖ್ಯೆಗಳಿಗೆ ತಲುಪಿದನು; ಅಂದಿನ ಮಿಶ್ರಾಹಾರಕ್ಕೆ ಅವು ಯುಕ್ತವಾಗಿಯೇ ಇದ್ದುವು. ತಪ್ಪು ಆದುದು ಆ ಸರಾಸರಿಯನ್ನು ಬಾದಾಮಿಯ ಒಂದು ಹಿಡಿಗೂ ಅಗಸೆಯ ಒಂದು ಚಮಚಕ್ಕೂ ಯಥಾವತ್ತಾಗಿ ಹಚ್ಚಿದವರದು. 2012ರಲ್ಲಿ ಅಮೆರಿಕದ ಕೃಷಿ ಇಲಾಖೆಯ ಬೆಲ್ಟ್ಸ್‌ವಿಲ್ ಸಂಶೋಧನಾಲಯದಲ್ಲಿ 28 ಗ್ರಾಂ ಬಾದಾಮಿಯಿಂದ ದೇಹಕ್ಕೆ ನಿಜವಾಗಿ ಸೇರುವುದು 129 ಕ್ಯಾಲೊರಿ ಮಾತ್ರವೆಂದು ಕಂಡುಬಂದಿತು. ಪೊಟ್ಟಣದ ಲೆಕ್ಕದಂತೆ ಅದು 170ರ ಹತ್ತಿರ ಇರಬೇಕಾಗಿತ್ತು. ಈ ಸಂಶೋಧನೆಗೆ ಕ್ಯಾಲಿಫೋರ್ನಿಯದ ಬಾದಾಮಿ ಮಂಡಳಿಯ ಹಣವೂ ಸಂದಿದ್ದುದರಿಂದ ಎಚ್ಚರದಿಂದ ಓದುವುದು ಉಚಿತವೇ. ಆದರೆ 2016ರಲ್ಲಿ ಅದೇ ಬಳಗವು ನಡೆಸಿದ ಮುಂದಿನ ಪರೀಕ್ಷೆಯ ಫಲವು ಬಾದಾಮಿಯನ್ನು ಹೊಗಳುವವರಿಗೆ ಪೂರ್ಣ ಅನುಕೂಲವಾಗಿರಲಿಲ್ಲ. ಗ್ರಾಮೊಂದಕ್ಕೆ ಹಸಿಯ ಇಡಿ ಬಾದಾಮಿಯಿಂದ 4.42, ಹುರಿದ ಇಡಿಯದರಿಂದ 4.86, ಹುರಿದು ಹೆಚ್ಚಿದುದರಿಂದ 5.04, ನುಣ್ಣಗೆ ಅರೆದ ಬೆಣ್ಣೆಯಿಂದ 6.53 ಕ್ಯಾಲೊರಿಗಳು ಸಿಕ್ಕಿದುವು; ಎಂದರೆ ಅರೆದಲ್ಲಿ ಆಟ್‌ವಾಟರನ ಹಳೆಯ ಲೆಕ್ಕವೇ ನಿಜವಾಯಿತು. ಹುರಿದ ಬೀಜವು ಗರಿಗರಿಯಾಗಿ ಹಲ್ಲಿನಡಿಯಲ್ಲಿ ಹೆಚ್ಚು ಚೂರಾಗುವುದರಿಂದ ಹುರಿಯುವುದೂ ಒಂದು ಮೆಟ್ಟಿಲು. ಅರೆಯುವುದು ಅದಕ್ಕಿಂತ ಬಹು ಎತ್ತರದ ಮೆಟ್ಟಿಲು. ನಮ್ಮ ಹಿಂಡಿಯು ಈ ಎರಡನ್ನೂ ಕ್ರಮವಾಗಿ ಹತ್ತಿದುದು. ಒರಳಿನಲ್ಲಿ ಕುಟ್ಟಿದ ಹಿಂಡಿಯು ತರಿತರಿಯಾಗಿ ನಿಲ್ಲುವುದರಿಂದ ಅದರ ಸ್ಥಾನ ಹೆಚ್ಚಿದ ಬೀಜಕ್ಕೂ ಬೆಣ್ಣೆಗೂ ನಡುವೆ ಇರಬೇಕು. ಮಿಕ್ಸರಿನಲ್ಲಿ ಎಣ್ಣೆ ಬಿಡುವವರೆಗೆ ತಿರುಗಿಸಿದುದು ಬೆಣ್ಣೆಗೆ ಸಮೀಪವಾಗುತ್ತದೆ.

ಹಿಂಡಿಯ ಪರವಾದ ಅತ್ಯಂತ ಬಲವಾದ ಸಾಕ್ಷ್ಯವು ಅಗಸೆಯದು. ಅಗಸೆಯನ್ನು ಇಂದು ಕೊಳ್ಳುವವರೆಲ್ಲ ಬಯಸುವುದು ಅದರಲ್ಲಿರುವ ಆಲ್ಫಾ ಲಿನೊಲೆನಿಕ್ ಎಂಬ ಒಮೇಗಾ-3 ಕೊಬ್ಬಿನಾಮ್ಲವನ್ನು. ನುಣುಪಾದ, ನೀರು ಸೋಕಿದೊಡನೆ ಲೋಳೆಗಟ್ಟುವ ಸಿಪ್ಪೆಯುಳ್ಳ ಈ ಬೀಜವು ಹಲ್ಲುಗಳ ನಡುವೆ ಜಾರಿ ಇಡಿಯಾಗಿಯೇ ಒಳಗೆ ಹೋಗುವುದೂ, ಹಾಗೆ ಹೋದುದು ಹಾಗೆಯೇ ಹೊರಬರುವುದೂ ಸಾಮಾನ್ಯ. 2008ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನವೊಂದರಲ್ಲಿ ಇಡಿಯ ಅಗಸೆಯನ್ನು ತಿಂದವರ ರಕ್ತದಲ್ಲಿ ಆ ಆಮ್ಲದ ಪ್ರಮಾಣವು ಗಣನೀಯವಾಗಿ ಏರಲೇ ಇಲ್ಲ. ಪುಡಿಮಾಡಿದುದನ್ನೂ ಎಣ್ಣೆಯನ್ನೂ ತಿಂದವರಲ್ಲಿ ಏರಿತು. ಚಿಯಾದ ಬಗೆಗೂ 2012ರಲ್ಲಿ ಇದೇ ಬಗೆಯ ಫಲ ಬಂದಿದೆ. ಹೀಗಿರಲು, ಊಟದ ತರುವಾಯ ಮುಖವಾಸದಲ್ಲಿ ಹುರಿದ ಅಗಸೆಯನ್ನು ಚಿಟಿಕೆಯಷ್ಟು ಬಾಯಿಗೆ ಹಾಕಿಕೊಂಡವನಿಗೆ ನಾರು ಸಿಕ್ಕಿತೆನ್ನಬಹುದೇ ಹೊರತು ಒಮೇಗಾ-3 ಸಿಕ್ಕಿತೆನ್ನಲಾಗದು. ದುಬಾರಿ ಪೊಟ್ಟಣವನ್ನು ಕೊಂಡು ಬೀಜವನ್ನು ನೀರಿನೊಡನೆ ನುಂಗಿದವನ ಗತಿಯೂ ಇದೇ. ಅಗಸಿ ಹಿಂಡಿಯನ್ನು ಕುಟ್ಟುತ್ತಿದ್ದ ವಿಜಯಪುರದ ಹೆಂಗಸರು ಯಾವ ಪ್ರಯೋಗಾಲಯದ ನೆರವೂ ಇಲ್ಲದೆ ರುಚಿಯ ಮಾರ್ಗದಿಂದಲೇ ಸರಿಯಾದ ಸ್ಥಾನಕ್ಕೆ ಬಂದು ಸೇರಿದ್ದರು. ಇದು ನನಗೆ ನಿಜವಾಗಿಯೂ ಗೌರವದ ವಿಷಯ.

ಆದರೂ ಹಿಂಡಿಯಲ್ಲಿ ದೋಷವಿಲ್ಲವೆಂದು ಹೇಳಿದರೆ ವಿಮರ್ಶೆಯಾಗದು. ಭಿತ್ತಿಯೊಡೆದ ಬೀಜದ ಎಣ್ಣೆಯು ಗಾಳಿಗೆ ತೆರೆದುಕೊಳ್ಳುತ್ತದೆ. ಅಗಸೆಯ ಒಮೇಗಾ-3 ಅಂತೂ ಬೇಗ ಕಮಟು ಹಿಡಿಯತಕ್ಕದ್ದು. ವಿಜಯಪುರದ ಒಣಹವೆಯಲ್ಲಿ ತಿಂಗಳುಗಟ್ಟಲೆ ಇಡುತ್ತಿದ್ದ ಪುಡಿಯನ್ನು ಸಮುದ್ರದ ಅಂಚಿನ ಮುಂಬಯಿಯ ಆಷಾಢ ಶ್ರಾವಣಗಳಲ್ಲಿಯೂ ಅಷ್ಟೇ ಕಾಲ ಇಡುವುದು ಅವಿವೇಕ. ಶೇಂಗಾದ ಮಾತಿನಲ್ಲಿ ಅಪಾಯವು ಇನ್ನೂ ಗುರುತರ: ತೇವ ತಾಗಿದ ಕಾಳಿನಲ್ಲಿ ಬೆಳೆಯುವ ಆಸ್ಪರ್ಜಿಲಸ್ ಬೂಷ್ಟು ಅಫ್ಲಟಾಕ್ಸಿನ್ ಎಂಬ ಯಕೃತ್ತಿನ ವಿಷವನ್ನು ಉತ್ಪಾದಿಸುತ್ತದೆ, 1960ರಲ್ಲಿ ಇಂಗ್ಲೆಂಡಿನಲ್ಲಿ ಎಣ್ಣೆ ತೆಗೆದ ಶೇಂಗಾದ ಹಿಟ್ಟು ಬೆರೆತ ಮೇವನ್ನು ತಿಂದ ಸಹಸ್ರಾರು ಟರ್ಕಿಕೋಳಿಗಳು ಸತ್ತಾಗಲೇ ಲೋಕಕ್ಕೆ ಇದರ ಅರಿವಾದುದು. ಹುರಿಯುವುದರಿಂದ ಈ ವಿಷವು ಪೂರ್ತಿ ನಾಶವಾಗುವುದಿಲ್ಲ, ಮತ್ತು ಖಾರ ಬೆಳ್ಳುಳ್ಳಿಗಳ ಘಾಟಿನಲ್ಲಿ ಕೆಟ್ಟ ಕಾಳಿನ ಕಹಿಯು ನಾಲಗೆಗೆ ತಿಳಿಯದೆ ಹೋಗುತ್ತದೆ. ಸುಕ್ಕುಗಟ್ಟಿದ, ಬಣ್ಣಗೆಟ್ಟ ಕಾಳುಗಳನ್ನು ಕೈಯಿಂದ ಆರಿಸಿ ಎಸೆಯುತ್ತಿದ್ದ ಹಳೆಯ ಶ್ರಮವನ್ನು ಮಿಕ್ಸರಿನ ವೇಗಕ್ಕಾಗಿ ಬಿಟ್ಟುಕೊಟ್ಟವರು ಕಳೆದುಕೊಂಡುದು ಬಹಳ.

ಇನ್ನೊಂದು ಆಕ್ಷೇಪವು ಹಿಂಡಿಯ ಗುಣದಿಂದಲೇ ಹುಟ್ಟುವಂತಹುದು. ಇಡೀ ದಿನ ಹೊಲದಲ್ಲಿ ದುಡಿದು ಎರಡು ಜೋಳದ ರೊಟ್ಟಿಯೊಡನೆ ಹಿಂಡಿಯನ್ನು ತಿಂದವನಿಗೆ ಬೀಜದ ಪ್ರತಿಯೊಂದು ಕಣವೂ ದಕ್ಕುವುದು ವರವಾಗಿತ್ತು. ಕಚೇರಿಯ ಕುರ್ಚಿಯಲ್ಲಿ ಕುಳಿತು ಬಂದ, ಮಧುಮೇಹದ ಹೊಸ್ತಿಲಲ್ಲಿರುವ ನೌಕರನಿಗೆ ಅದೇ ದಕ್ಷತೆಯು ಅಷ್ಟು ಉಪಕಾರಿಯಲ್ಲ. ಅಂಥವನು ಶೇಂಗಾವನ್ನು ಇಡಿಯಾಗಿ, ನಿಧಾನವಾಗಿ ಅಗಿದು ತಿಂದರೆ ಹೊಟ್ಟೆಗೆ ತೃಪ್ತಿಯಾಗಿಯೂ ಕ್ಯಾಲೊರಿಗಳು ಕಡಿಮೆ ಸೇರುತ್ತವೆ. ಎಣ್ಣೆಬೀಜವನ್ನು ಬಿಟ್ಟು ಪಿಷ್ಟದ ಬೀಜಗಳಿಗೆ ಬಂದರೆ ಈ ಮಾತು ಮತ್ತಷ್ಟು ಸ್ಪಷ್ಟವಾಗುತ್ತದೆ: ಮಡಿಕೆಕಾಳನ್ನು ಮೊಳಕೆ ಬರಿಸಿ ಬೇಯಿಸಿದ ಉಸಳಿನಲ್ಲಿ ಕೋಶಗಳು ಒಂದರಿಂದೊಂದು ಬಿಡಿಸಿಕೊಂಡರೂ ಬಹುಮಟ್ಟಿಗೆ ಒಡೆದಿರುವುದಿಲ್ಲವಾದುದರಿಂದ ಪಿಷ್ಟವು ಮೆಲ್ಲಗೆ ಜೀರ್ಣವಾಗಿ ರಕ್ತದ ಸಕ್ಕರೆಯು ನಿಧಾನವಾಗಿ ಏರುತ್ತದೆ, ಅದೇ ಕಾಳನ್ನು ಹಿಟ್ಟಾಗಿ ಬೀಸಿದರೆ ಈ ಲಾಭವು ತಪ್ಪುತ್ತದೆ. ಆದುದರಿಂದ ಕುಟ್ಟುವುದೇ ಶ್ರೇಷ್ಠವೆಂದು ಎಲ್ಲ ಬೀಜಗಳಿಗೂ ಎಲ್ಲ ದೇಹಗಳಿಗೂ ಸಾಮಾನ್ಯ ವಿಧಿಯನ್ನು ಹೇಳಲಾಗದು. ಅಗಸೆಯನ್ನು ಯಾರು ತಿಂದರೂ ಕುಟ್ಟಿಯೇ ತಿನ್ನಬೇಕು. ಶೇಂಗಾವನ್ನು ತಿನ್ನುವವನ ದುಡಿಮೆಯನ್ನು ನೋಡಿ ಹೇಳಬೇಕು.

ದುಡಿಮೆಯೊಡನೆ ಅಗಿಯುವ ಶಕ್ತಿಯನ್ನೂ ನೋಡಬೇಕು. ಮೈಸೂರಿನಲ್ಲಿ 1950ರಲ್ಲಿ ಸ್ಥಾಪಿತವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವು ನ್ಯೂನಪೋಷಿತರಿಗಾಗಿ ಬಹೂಪಯೋಗಿ ಆಹಾರವನ್ನು ರೂಪಿಸಿದಾಗ ಆರಿಸಿಕೊಂಡುದು ಎಣ್ಣೆ ತೆಗೆದ ಶೇಂಗಾದ ಹಿಟ್ಟು ಮೂರು ಪಾಲು, ಕಡಲೆಯ ಹಿಟ್ಟು ಒಂದು ಪಾಲು. ಇಡಿಯ ಕಾಳನ್ನು ಅಗಿಯಲಾರದ ಮಗುವಿಗೆ ಹಿಟ್ಟೇ ದಾರಿಯೆಂಬುದು ಅಲ್ಲಿ ಅಡಕವಾಗಿತ್ತು. ಆಂಟಾಪ್ ಹಿಲ್ಲಿನ ಮನೆಗಳಲ್ಲಿ ಮಗನ ನೌಕರಿಯ ನೆಪದಿಂದ ಊರನ್ನು ಬಿಟ್ಟುಬಂದ, ದವಡೆಯ ಹಲ್ಲುಗಳನ್ನು ಕಳೆದುಕೊಂಡ, ತಿನ್ನುವುದು ಕಡಿಮೆಯಾಗಿ ಮೈ ಇಳಿಯುತ್ತಿರುವ ಮುದುಕರ ತಟ್ಟೆಗೆ ಮೆತ್ತನೆಯ ಅನ್ನದ ಮೇಲೆ ಎರಡು ಚಮಚ ಶೇಂಗಾ ಹಿಂಡಿ, ಎರಡು ಚಮಚ ಮೊಸರು ಬೀಳಬೇಕಾದುದು ಇದೇ ಕಾರಣಕ್ಕೆ. ಅದೇ ಮನೆಯ ಐವತ್ತರ ಮಗನು ಅದರ ಅರ್ಧಕ್ಕೆ ಕೈಯನ್ನು ಹಿಡಿಯುವುದು ಲೇಸು.